ಹಾಡದ ಕೋಗಿಲೆ ಮತ್ತು ನಮ್ಮ ಓದು

ಹರದನಹಳ್ಳಿಯಲ್ಲಿ ನನ್ನ ಸೋದರತ್ತೆಯ ಮನೆಯ ಹಿಂದೆ ಒಂದು ಸಣ್ಣ ತೋಟವಿದೆ. ಹತ್ತಿಪ್ಪತ್ತು ತೆಂಗು, ಒಂದಿಷ್ಟು ಬಾಳೆ, ಬೇಲಿಯ ಸಾಲಿಗೆ ಹಳದಿ ಕಣಗಿಲೆ, ನಡುವೆ ಒಂದು ಹಳೆಯ ಮಾವಿನ ಮರ. ಯುಗಾದಿ ಕಳೆದು ಎರಡು ವಾರವಾಗಿತ್ತು. ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯವನ್ನು ಮುಗಿಸಿಯೇ ತೀರುತ್ತೇನೆಂದು ಪುಸ್ತಕ, ಲ್ಯಾಪ್‌ಟಾಪ್ ಹೊತ್ತುಕೊಂಡು ಅಲ್ಲಿಗೆ ಹೋಗಿದ್ದೆ. ಅಧ್ಯಾಯದ ಹೆಸರು, ನಗಬೇಡಿ, 'ಹಳಗನ್ನಡ ಕಾವ್ಯದಲ್ಲಿ ಪಕ್ಷಿ ಪ್ರತಿಮೆಗಳು.'

ಬೆಳಿಗ್ಗೆ ಏಳರ ಹೊತ್ತಿಗೆ ಕಣಗಿಲೆಯ ಗಿಡದಲ್ಲಿ ಒಂದು ಹಕ್ಕಿ ಕೂತಿತ್ತು. ಅಂಥದ್ದನ್ನು ನಾನು ಹಿಂದೆ ನೋಡಿರಲಿಲ್ಲ, ಅಥವಾ ನೋಡಿಲ್ಲವೆಂದೇ ಅಂದುಕೊಂಡಿದ್ದೆ. ಗಾತ್ರ ಕಾಗೆಗಿಂತ ತುಸು ಚಿಕ್ಕದು, ಬಾಲ ಮಾತ್ರ ಉದ್ದ. ಮೈಯೆಲ್ಲ ಕಂದು, ಆ ಕಂದಿನ ಮೇಲೆ ರಾಗಿ ಹಿಟ್ಟು ಜರಡಿ ಹಿಡಿದಾಗ ಚೆಲ್ಲಿದಂತೆ ಬಿಳಿಯ ಚುಕ್ಕೆಗಳು. ಎದೆ ಹೊಟ್ಟೆ ಬಿಳಿ, ಅದರ ಮೇಲೆ ಅಡ್ಡಪಟ್ಟೆಗಳು. ಬಾಲಕ್ಕೂ ಪಟ್ಟೆ. ಕಣ್ಣು ಕೆಂಡದ ಹಾಗೆ ಕೆಂಪು. ಸದ್ದಿಲ್ಲ. ಎಲೆಯ ಮರೆಯಲ್ಲಿ ಮೈ ಹುದುಗಿಸಿಕೊಂಡು ಮಾವಿನ ಮರದ ಕಡೆಗೇ ನೋಡುತ್ತಿತ್ತು.

ಡೇಗೆಯೋ ಗಿಡುಗನ ಮರಿಯೋ ಇರಬೇಕು ಎಂದುಕೊಂಡೆ. ಕೊಕ್ಕು ಗಿಡುಗನಂತೆ ಬಾಗಿರಲಿಲ್ಲ ಎನ್ನುವುದನ್ನು ಗಮನಿಸುವ ಅಭ್ಯಾಸ ನನ್ನ ಕಣ್ಣಿಗಿರಲಿಲ್ಲ. ಅತ್ತೆಯ ಮಗ ಮೊಬೈಲಿನಲ್ಲಿ ಪಟ ತೆಗೆದು ಯಾವುದೋ ಆ್ಯಪ್‌ಗೆ ಹಾಕಿದ. ಕ್ಷಣದಲ್ಲಿ ಉತ್ತರ ಬಂತು: ಏಷ್ಯನ್ ಕೋಯೆಲ್, ಹೆಣ್ಣು. ನಾನು ನಕ್ಕೆ. "ಕೋಗಿಲೆ ಕಪ್ಪಗಿರುತ್ತದೆ ಮಾರಾಯ, ನಿನ್ನ ಆ್ಯಪ್ ಕೆಟ್ಟಿದೆ" ಎಂದೆ. ಆ ಗಳಿಗೆಯಲ್ಲೇ ಮಾವಿನ ಮರದ ನೆತ್ತಿಯಿಂದ ಕುಹೂ ಕುಹೂ ಎಂಬ ಕೂಗು ಮೇಲೇರುತ್ತ ಬಂತು. "ಅಗೋ, ಕೋಗಿಲೆ ಅಲ್ಲಿದೆ" ಎಂದು ಸಾಕ್ಷಿ ಸಿಕ್ಕವರ ಹಾಗೆ ಬೆರಳು ತೋರಿದೆ.

ದನದ ಕೊಟ್ಟಿಗೆಯಿಂದ ಬಕೆಟ್ ಹಿಡಿದು ಬರುತ್ತಿದ್ದ ಅತ್ತೆ ನಿಂತು ನೋಡಿದರು. "ಅದೂ ಕ್ವಾಗಿಲನೇ ಕನ ಮಗ. ಹೆಣ್ಣು. ಅಲ್ಲಿ ಕೂಗ್ತಾ ಅದಲ್ಲ, ಅದು ಗಂಡು. ಇದು ಮೊಟ್ಟ ಇಡಕ ಕಾಗ ಗೂಡ ಹುಡ್ಕಂಡು ಬಂದದ" ಎಂದು ಹೇಳಿ, ಹಾಲು ಸೋಸಲು ಒಳಗೆ ಹೋದರು.

ಮಾವಿನ ಮರದಲ್ಲಿ ಕಾಗೆಯ ಗೂಡಿತ್ತು. ಅದನ್ನೂ ನಾನು ನೋಡಿರಲಿಲ್ಲ.

ಇದನ್ನು ಬರೆಯುತ್ತಿರುವುದು ನನ್ನ ಪೇಚಿನ ಪ್ರಸಂಗ ಹೇಳಿ ನಗಿಸುವುದಕ್ಕಲ್ಲ. ಕನ್ನಡ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಕೋಗಿಲೆಯ ಹೆಸರಿನಲ್ಲೇ ಒಂದು ಕಡತವಿಟ್ಟುಕೊಂಡು, ಯಾವ ಕವಿ ಎಲ್ಲಿ ಕೋಗಿಲೆಯನ್ನು ತಂದಿದ್ದಾನೆಂದು ಚೀಟಿಗಳಲ್ಲಿ ಗುರುತು ಹಾಕಿಕೊಂಡ ನಾನು, ಕಣ್ಣೆದುರಿನ ಕೋಗಿಲೆಯನ್ನು ಕೋಗಿಲೆಯಲ್ಲವೆಂದು ವಾದಿಸಿದೆ. ಊರಿಗೆ ಮರಳಿದ ಮೇಲೆ ಆ ಪಟವನ್ನು ನನ್ನ ವಿಭಾಗದ ಗೆಳೆಯರಿಗೆ ತೋರಿಸಿದೆ. ಒಬ್ಬರು ಗಿಡುಗ ಎಂದರು, ಒಬ್ಬರು ಕೆಂಬೂತದ ಮರಿ ಎಂದರು, ಒಬ್ಬರು ಹೊರದೇಶದಿಂದ ವಲಸೆ ಬಂದದ್ದಿರಬೇಕು ಎಂದರು. ಕೋಗಿಲೆ ಎಂದವರು ಒಬ್ಬರೂ ಇಲ್ಲ. ಕೋಗಿಲೆಯ ಬಗ್ಗೆ ಅರ್ಧ ಗಂಟೆ ನಿಲ್ಲದೆ ಮಾತನಾಡಬಲ್ಲವರು ನಾವೆಲ್ಲ. ಆದ್ದರಿಂದ ಇದು ಒಬ್ಬರ ಮರೆವಲ್ಲ, ನಮ್ಮ ಓದಿನ ಕ್ರಮದಲ್ಲೇ ಇರುವ ದೋಷ ಎಂಬುದು ನನ್ನ ವಾದ.

ಆ ಕ್ರಮ ಹೇಗಿದೆ ನೋಡಿ. ಹಂಸ ಎಂದರೆ ವಿವೇಕ. ಚಕೋರ ಎಂದರೆ ಪ್ರೇಮದ ಹಸಿವು. ಚಾತಕ ಎಂದರೆ ನಿರೀಕ್ಷೆ. ಕೋಗಿಲೆ ಎಂದರೆ ವಸಂತ, ಜೊತೆಗೆ ವಿರಹ. ತರಗತಿಯಲ್ಲಿ ಮಗ್ಗಿಯಂತೆ ಇದನ್ನು ಕಲಿಯುತ್ತೇವೆ. ಕಾವ್ಯದಲ್ಲಿ ಹಕ್ಕಿ ಬಂದ ಕೂಡಲೇ ಅದನ್ನು ಕೆಡವಿ, ಗರಿ ಕಿತ್ತು, ಒಳಗಿನ 'ಅರ್ಥ' ತೆಗೆದು ತಟ್ಟೆಗಿಡುತ್ತೇವೆ. ಅಷ್ಟು ಪ್ರಸಿದ್ಧವಲ್ಲದ ಹಕ್ಕಿಯಾದರಂತೂ ಟಿಪ್ಪಣಿಯಲ್ಲಿ ಒಂದೇ ಮಾತು: 'ಒಂದು ಬಗೆಯ ಪಕ್ಷಿ.' ಹಳೆಯ ಕಾವ್ಯವನ್ನು ಓದಿದ ಯಾವ ವಿದ್ಯಾರ್ಥಿಗೆ ಈ ಟಿಪ್ಪಣಿ ಗೊತ್ತಿಲ್ಲ? ಒಂದು ಬಗೆಯ ಮರ, ಒಂದು ಬಗೆಯ ಹೂವು, ಒಂದು ಬಗೆಯ ಪಕ್ಷಿ. ಮನುಷ್ಯರ ವಿಚಾರದಲ್ಲಿ ಹೀಗೆ ಮಾಡುತ್ತೇವೆಯೇ? ರನ್ನನ ಆಶ್ರಯದಾತ ಯಾರು ಎಂದರೆ 'ಒಬ್ಬ ಬಗೆಯ ರಾಜ' ಎಂದು ಬರೆದರೆ ಮಾರ್ಗದರ್ಶಕರು ಪ್ರಬಂಧವನ್ನು ಮುಖಕ್ಕೆ ಎಸೆಯುತ್ತಾರೆ. ರಾಜನ ವಂಶಾವಳಿಗೆ ಎರಡು ಪುಟದ ಅಡಿಟಿಪ್ಪಣಿ, ಹಕ್ಕಿಗೆ ಮೂರು ಪದ.

ಇದಕ್ಕೆ ಸಿದ್ಧವಾದ ಸಮರ್ಥನೆಯೊಂದಿದೆ. ಕಾವ್ಯದ ಕೋಗಿಲೆ ಮರದ ಮೇಲಿನ ಕೋಗಿಲೆಯಲ್ಲ, ಅದು ಕವಿಸಮಯ. ಹಂಸ ನೀರಿನಿಂದ ಹಾಲನ್ನು ಬೇರ್ಪಡಿಸುವುದಿಲ್ಲ, ಚಕೋರ ಬೆಳುದಿಂಗಳನ್ನು ಕುಡಿಯುವುದಿಲ್ಲ, ಹಾಗೆಂದು ಕಾವ್ಯ ಸುಳ್ಳಾಗುತ್ತದೆಯೇ? ಪಕ್ಷಿ ಗುರುತಿಸುವುದು ಪ್ರಾಣಿಶಾಸ್ತ್ರದವರ ಕೆಲಸ, ಪ್ರತಿಮೆ ಗುರುತಿಸುವುದು ನಮ್ಮ ಕೆಲಸ. ಒಂದು ವಿಚಾರಗೋಷ್ಠಿಯಲ್ಲಿ ಈ ಮಾತನ್ನು ನನಗೆ ಹೇಳಿದವರು ಹಿರಿಯರು, ಸಜ್ಜನರು. ಆಗ ನಾನು ತಲೆದೂಗಿದ್ದೆ. ಈಗ ದೂಗಲಾರೆ.

ಏಕೆಂದರೆ ಕವಿಸಮಯ ಎಂಬ ಮಾತನ್ನು ಬಳಸುವ ನಾವು ಅದರ ಮೂಲವನ್ನೇ ಎಚ್ಚರದಿಂದ ಓದಿಲ್ಲ. ಕವಿಸಮಯವನ್ನು ವಿಸ್ತಾರವಾಗಿ ಚರ್ಚಿಸಿದವನು 'ಕಾವ್ಯಮೀಮಾಂಸೆ'ಯ ರಾಜಶೇಖರ, ಸಾವಿರದ ನೂರು ವರ್ಷಗಳ ಹಿಂದಿನವನು. ಇಲ್ಲದ್ದನ್ನು ಇದೆ ಎಂದು ಹೇಳುವುದು, ಇರುವುದನ್ನು ಇಲ್ಲ ಎಂದು ಬಿಡುವುದು, ಹಲವೆಡೆ ಇರುವುದನ್ನು ಒಂದೆಡೆಗೆ ಕಟ್ಟುವುದು, ಹೀಗೆ ಅವನು ಕವಿಸಮಯಗಳನ್ನು ವಿಂಗಡಿಸುತ್ತಾನೆ. ಮೂರನೆಯದಕ್ಕೆ ಕೊಡುವ ಉದಾಹರಣೆಗಳಲ್ಲಿ ಕೋಗಿಲೆಯೂ ಇದೆ. ಕೋಗಿಲೆ ಬೇಸಿಗೆಯೇ ಮೊದಲಾದ ಕಾಲದಲ್ಲೂ ಕೂಗುತ್ತದೆ, ಆದರೂ ಕವಿಗಳು ಅದನ್ನು ವಸಂತದಲ್ಲಿ ಮಾತ್ರ ವರ್ಣಿಸುವುದು ಸಂಪ್ರದಾಯ ಎಂಬುದು ಅವನ ಮಾತಿನ ತಾತ್ಪರ್ಯ.

ಇಲ್ಲಿ ಸ್ವಲ್ಪ ನಿಲ್ಲೋಣ. ಸಂಪ್ರದಾಯವೆಲ್ಲಿ ಮುಗಿಯುತ್ತದೆ, ಹಕ್ಕಿ ಎಲ್ಲಿ ಶುರುವಾಗುತ್ತದೆ ಎಂಬುದು ರಾಜಶೇಖರನಿಗೆ ಗೊತ್ತಿತ್ತು. ವಸಂತ ಮುಗಿದ ಮೇಲೂ ಕೋಗಿಲೆಯ ಕೂಗನ್ನು ಕಿವಿಯಾರೆ ಕೇಳಿದವನು ಮಾತ್ರ ಆ ವಾಕ್ಯ ಬರೆಯಬಲ್ಲ. ಇಂದಿನ ಪಕ್ಷಿಶಾಸ್ತ್ರವೂ ಅದನ್ನೇ ಹೇಳುತ್ತದೆ: ನಮ್ಮ ಕಡೆ ಕೋಗಿಲೆಯ ಸಂತಾನದ ಕಾಲ ಸುಮಾರು ಮಾರ್ಚಿಯಿಂದ ಆಗಸ್ಟಿನವರೆಗೆ. ಮಾವು ಮುಗಿದು ಮಳೆ ಹಿಡಿದ ಮೇಲೂ ಅದು ಕೂಗುತ್ತಿರುತ್ತದೆ. ಹಳಬರು ಹಕ್ಕಿಯನ್ನು ಬಲ್ಲವರಾಗಿದ್ದು, ಬೇಕೆಂದೇ ಅದರ ಒಂದಂಶವನ್ನು ಬಿಟ್ಟರು. ನಾವು ಹಕ್ಕಿಯನ್ನೇ ಬಿಟ್ಟು ಅವರ ಒಪ್ಪಂದವನ್ನಷ್ಟೇ ಇಟ್ಟುಕೊಂಡಿದ್ದೇವೆ. ಮೂಲಪತ್ರ ಕಳೆದುಕೊಂಡು ಜೆರಾಕ್ಸ್ ಪ್ರತಿಗೆ ಚೌಕಟ್ಟು ಹಾಕಿಸಿದಂತೆ.

ಇನ್ನೂ ಒಂದು ಸಾಕ್ಷಿ ಹೆಸರುಗಳಲ್ಲೇ ಇದೆ. ಕೋಗಿಲೆಗೆ ಪರಭೃತ, ಪರಪುಷ್ಟ ಎಂಬ ಹೆಸರುಗಳಿವೆ. ಬೇರೆಯವರಿಂದ ಸಾಕಲ್ಪಟ್ಟದ್ದು ಎಂದರ್ಥ. ನಿಘಂಟು ನೋಡಿ ಬಾಯಿಪಾಠ ಮಾಡುವ ನಮಗೆ ಇದು ಪರ್ಯಾಯಪದ ಮಾತ್ರ. ಮೊದಲು ಈ ಹೆಸರಿಟ್ಟವರು ಯಾರೋ ಒಂದು ಕಾಗೆಗೂಡಿನ ಕೆಳಗೆ ದಿನಗಟ್ಟಲೆ ನಿಂತು, ಒಳಗಿನ ಮರಿಯ ಬಾಯಿ ಬೇರೆ, ಉಣಿಸುವ ಕೊಕ್ಕು ಬೇರೆ ಎಂದು ಕಂಡವರು. ಅವರ ವೀಕ್ಷಣೆ ಒಂದು ಪದವಾಗಿ ಉಳಿದಿದೆ. ಆ ಪದವನ್ನು ಬಿಡಿಸಿ ವೀಕ್ಷಣೆಯನ್ನು ಮತ್ತೆ ಹೊರತೆಗೆಯುವುದು ಸಾಹಿತ್ಯದ ವಿದ್ಯಾರ್ಥಿಯ ಕೆಲಸವಲ್ಲವೆಂದರೆ ಮತ್ತೆ ಯಾರ ಕೆಲಸ?

ಹಕ್ಕಿಯನ್ನು ಬಿಟ್ಟು ಓದಿದಾಗ ಆಗುವ ನಷ್ಟಕ್ಕೆ ಅಂದು ಕಣಗಿಲೆಯಲ್ಲಿ ಕೂತಿದ್ದ ಆ ಹೆಣ್ಣೇ ಒಳ್ಳೆಯ ಉದಾಹರಣೆ. ಕುಹೂ ಎಂದು ಏರುದನಿಯಲ್ಲಿ ಹಾಡುವುದು ಗಂಡು ಕೋಗಿಲೆ. ಹೊಳೆಯುವ ಕಪ್ಪು ಮೈ ಅವನದೇ. ಹೆಣ್ಣು ಹಾಗೆ ಹಾಡುವುದಿಲ್ಲ, ಅವಳ ದನಿ ಕಿಕ್ ಕಿಕ್ ಕಿಕ್ ಎಂಬ ಚೂಪಾದ ಕೂಗು. ಆ ಕೂಗನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಯಾವುದೋ ಬೇರೆ ಹಕ್ಕಿ ಎಂದುಕೊಂಡೇ ಕೇಳಿದ್ದೇನೆ. ಆದರೆ ಕೋಗಿಲೆ ಎಂಬ ಬಿರುದನ್ನು ನಾವು ಕೊಡುವುದು ಯಾರಿಗೆ? ಗಾಯಕಿಯರಿಗೆ. ಕೋಗಿಲೆ ಕಂಠ ಎಂದರೆ ಹೆಣ್ಣಿನ ಕಂಠ. ಸರೋಜಿನಿ ನಾಯ್ಡು ಅವರ 'ನೈಟಿಂಗೇಲ್' ಬಿರುದನ್ನು ಕನ್ನಡದ ಪಠ್ಯಗಳು 'ಭಾರತದ ಕೋಗಿಲೆ' ಎಂದು ಅನುವಾದಿಸಿದವು. ಆ ಯೂರೋಪಿನ ಹಕ್ಕಿಯಲ್ಲೂ ರಾತ್ರಿಯಿಡೀ ಹಾಡುವುದು ಗಂಡೇ, ಅಲ್ಲಿನ ಪುರಾಣ ಮತ್ತು ಕಾವ್ಯಗಳಲ್ಲೂ ಹಾಡಿನ ಕೀರ್ತಿ ಹೋದದ್ದು ಹೆಣ್ಣಿಗೇ.

'ಹೆಣ್ಣಿಗೆ ಕೀರ್ತಿ ಸಿಕ್ಕಿತಲ್ಲ, ನಿಮಗೇನು ತಕರಾರು' ಎನ್ನಬಹುದು. ತಕರಾರು ಇದೆ. ಗಂಡಿನ ಹಾಡನ್ನು ಹೆಣ್ಣಿನ ತಲೆಗೆ ಕಿರೀಟವಾಗಿ ಇಟ್ಟ ಸಂಪ್ರದಾಯ, ನಿಜವಾದ ಹೆಣ್ಣು ಹಕ್ಕಿ ಎದುರಿಗೆ ಬಂದಾಗ ಅವಳನ್ನು ಗುರುತಿಸುವುದೇ ಇಲ್ಲ. ಅವಳು ಗಿಡುಗ, ಅವಳು ಕೆಂಬೂತ, ಅವಳು ಪರದೇಶಿ. ಇಂಪಾಗಿ ಹಾಡಬೇಕೆಂದು ನಾವು ಬಯಸುವ ಕಲ್ಪನೆಯ ಹೆಣ್ಣಿಗೆ ಬಿರುದು, ಚುಕ್ಕೆ ಮೈಯ, ಕರ್ಕಶ ದನಿಯ, ಸ್ವಂತ ಕೆಲಸದಲ್ಲಿ ಮುಳುಗಿದ ನಿಜದ ಹೆಣ್ಣಿಗೆ ಹೆಸರೇ ಇಲ್ಲ.

ಕಾವ್ಯಲೋಕದಲ್ಲಿ ನಿಜದ ಹೆಣ್ಣು ಕೋಗಿಲೆ ಕಾಣಿಸಿಕೊಳ್ಳುವ ಒಂದು ಪ್ರಸಿದ್ಧ ಜಾಗ ಕಾಳಿದಾಸನ ಶಾಕುಂತಲದ ಐದನೇ ಅಂಕ. ಬಸವಪ್ಪ ಶಾಸ್ತ್ರಿಗಳ ಕಾಲದಿಂದ ಕನ್ನಡಿಗರಿಗೂ ಮನೆಮಾತಾದ ನಾಟಕ. ತಪೋವನದಲ್ಲಿ ಬೆಳೆದ ಇವಳಿಗೆ ಕಪಟ ಗೊತ್ತಿಲ್ಲ ಎಂದು ಗೌತಮಿ ಹೇಳಿದಾಗ ದುಷ್ಯಂತ ಉತ್ತರಿಸುತ್ತಾನೆ: ಕಲಿಸದೆಯೇ ಬರುವ ಜಾಣತನ ಹೆಣ್ಣಿಗೆ ಸಹಜ, ಹೆಣ್ಣು ಕೋಗಿಲೆಯನ್ನು ನೋಡಿ, ತನ್ನ ಮರಿಗಳನ್ನು ಬೇರೆ ಹಕ್ಕಿಗಳಿಂದ ಸಾಕಿಸಿಕೊಳ್ಳುವುದಿಲ್ಲವೇ? ಮೇನಕೆ ಬಿಟ್ಟುಹೋದ, ಶಕುಂತ ಪಕ್ಷಿಗಳು ಕಾಪಾಡಿದ ಕಾರಣ ಶಕುಂತಲೆ ಎಂದು ಹೆಸರಾದ, ಕಣ್ವರು ಸಾಕಿದ ಹುಡುಗಿಯ ಎದುರಿಗೆ ಈ ಮಾತು. ಅವಳೂ ಪರಭೃತೆಯೇ. ಒಂದೇ ಬಾಣದಲ್ಲಿ ರಾಜ ಅವಳನ್ನೂ ಅವಳ ಹುಟ್ಟನ್ನೂ ಹೊಡೆಯುತ್ತಾನೆ. ಈ ಕ್ರೌರ್ಯದ ಪೂರ್ತಿ ಆಳ ತಿಳಿಯಬೇಕಾದರೆ ಹಕ್ಕಿಯ ಬದುಕು ತಿಳಿದಿರಬೇಕು. 'ಕೋಗಿಲೆ: ವಸಂತದ ಪ್ರತೀಕ' ಎಂಬ ಟಿಪ್ಪಣಿ ಇಲ್ಲಿ ಕೈಕೊಡುತ್ತದೆ.

ಹಾಗಾದರೆ ಆ ಬದುಕು ಹೇಗಿದೆ? ಕಾಗೆ ಗೂಡು ಕಟ್ಟುವ ಕಾಲಕ್ಕೆ ಸರಿಯಾಗಿ ಕೋಗಿಲೆಯ ಕಾಲವೂ ಹೊಂದಿಕೊಂಡಿರುತ್ತದೆ. ಕೆಲವೊಮ್ಮೆ ಗಂಡು ಕಾಗೆಗಳ ಗಮನ ಸೆಳೆದು ಅಟ್ಟಿಸಿಕೊಂಡು ಹೋಗುವಾಗ ಹೆಣ್ಣು ಗೂಡಿಗೆ ನುಗ್ಗಿ ಮೊಟ್ಟೆಯಿಡುತ್ತದೆ. ಹೆಚ್ಚಿನ ಸಲ ಅವಳು ಒಬ್ಬಳೇ ಹೋಗುತ್ತಾಳೆ. ಕೋಗಿಲೆಯ ಮೊಟ್ಟೆ ಹನ್ನೆರಡರಿಂದ ಹದಿನಾಲ್ಕು ದಿನದಲ್ಲಿ ಒಡೆಯುತ್ತದೆ, ಕಾಗೆಯ ಮೊಟ್ಟೆಗೆ ಇನ್ನೂ ಹೆಚ್ಚು ದಿನ ಬೇಕು. ಮೊದಲು ಹುಟ್ಟಿದ ಮರಿ ಮೊದಲು ಬಾಯಿ ತೆರೆಯುತ್ತದೆ. ಯೂರೋಪಿನ ಕುಕೂ ಮರಿ ಜೊತೆಯ ಮೊಟ್ಟೆ ಮರಿಗಳನ್ನೆಲ್ಲ ಗೂಡಿನಿಂದ ಹೊರಗೆ ನೂಕುವುದಕ್ಕೆ ಹೆಸರುವಾಸಿ. ನಮ್ಮ ಕೋಗಿಲೆ ಮರಿ ಯಾವಾಗಲೂ ಹಾಗೆ ಮಾಡುವುದಿಲ್ಲ, ಕಾಗೆ ಮರಿಗಳ ಜೊತೆಯಲ್ಲೇ ಬೆಳೆಯುವುದೂ ಉಂಟು. ಇನ್ನೂ ಒಂದು ಸಂಗತಿ ದುಷ್ಯಂತನ ವಾದವನ್ನೇ ಅಲುಗಾಡಿಸುತ್ತದೆ: ಹೆಣ್ಣು ಕೋಗಿಲೆ ಬಂದು ಮರಿಗೆ ಉಣಿಸಿದ್ದನ್ನು ಕಂಡು ಬರೆದಿಟ್ಟ ಪಕ್ಷಿವೀಕ್ಷಕರಿದ್ದಾರೆ. ಬಿಟ್ಟುಹೋದವಳು ಪೂರ್ತಿ ಬಿಟ್ಟಿಲ್ಲ. ಇದನ್ನು ತಿಳಿದು ಮತ್ತೆ ಐದನೇ ಅಂಕ ಓದಿ ನೋಡಿ, ಮೇನಕೆಯ ಪಾತ್ರವೂ ಬೇರೆಯಾಗಿ ಕಾಣುತ್ತದೆ. ಶಕುಂತಲೆಯನ್ನು ರಾಜ ತಿರಸ್ಕರಿಸಿದ ಮೇಲೆ ಅವಳನ್ನು ಎತ್ತಿಕೊಂಡು ಹೋಗುವ ಬೆಳಕಿನ ಆಕೃತಿ ಎಲ್ಲಿಂದ ಬಂತು ಎಂಬುದನ್ನು ನೆನಪಿಸಿಕೊಳ್ಳಿ.

ಪಾಶ್ಚಾತ್ಯ ವಿಜ್ಞಾನದ ಹಾದಿ ಇದಕ್ಕೆ ಪೂರ್ತಿ ಉಲ್ಟಾ ಎಂಬುದು ಇನ್ನೊಂದು ವಿನೋದ. 1758ರಲ್ಲಿ ಲಿನೇಯಸ್ ನಮ್ಮ ಕೋಗಿಲೆಗೆ ಲ್ಯಾಟಿನ್ ಹೆಸರಿಟ್ಟಾಗ ಅವನ ಮುಂದಿದ್ದದ್ದು ಹಾಡಲ್ಲ. ಬಂಗಾಳದಿಂದ ಹೋಗಿದ್ದ ಒಂದು ಹಕ್ಕಿಯನ್ನು ಜಾರ್ಜ್ ಎಡ್ವರ್ಡ್ಸ್ ಎಂಬ ಇಂಗ್ಲಿಷ್ ಚಿತ್ರಕಾರ 'ಕಂದು ಚುಕ್ಕೆಯ ಭಾರತದ ಕುಕೂ' ಎಂದು ಬರೆದಿದ್ದ ವಿವರಣೆ. ಅದನ್ನು ಆಧರಿಸಿ ಲಿನೇಯಸ್ ಇಟ್ಟ ಹೆಸರು 'ಸ್ಕೋಲೋಪೇಸಿಯಸ್'. ಕೆಸರಿನಲ್ಲಿ ಉದ್ದ ಕೊಕ್ಕಿನಿಂದ ಹುಳು ಹೆಕ್ಕುವ, ಮೈತುಂಬ ಕಂದು ಗೀರುಚುಕ್ಕೆಯ ಸ್ನೈಪ್ ಹಕ್ಕಿಯಂಥದ್ದು ಎಂದು ಅದರ ಅರ್ಥ. ಅಂದರೆ ಇಂದಿಗೂ ಇಡೀ ಜಗತ್ತು ನಮ್ಮ ಕೋಗಿಲೆಯನ್ನು ಕರೆಯುವುದು ಹೆಣ್ಣಿನ ಗರಿಯ ಹೆಸರಿನಿಂದ. ಹಾಡು ಕೇಳದವರು ಅವಳನ್ನು ನೋಡಿದರು. ಹಾಡು ಕೇಳಿದ ನಾವು ಅವಳನ್ನು ನೋಡಲೇ ಇಲ್ಲ. ಅವರದೂ ಅರ್ಧ ಹಕ್ಕಿ, ಸತ್ತ ಹಕ್ಕಿಯ ತೊಗಲು ನೋಡಿ ಇಟ್ಟ ಹೆಸರು. ನಮ್ಮದೂ ಅರ್ಧ, ಎಲೆಯ ಮರೆಯ ದನಿ ಕೇಳಿ ಕಟ್ಟಿದ ಹಕ್ಕಿ. ಎರಡು ಅರ್ಧಗಳನ್ನು ಕೂಡಿಸಿದ್ದು ಅಂದು ಬಕೆಟ್ ಹಿಡಿದು ನಿಂತ ಅತ್ತೆಯ ಮೂರು ವಾಕ್ಯಗಳು.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆಂದು ನನಗೆ ಗೊತ್ತು.

ಮೊದಲನೆಯದು: ಆ್ಯಪ್ ಸರಿಯಾಗಿಯೇ ಹೇಳಿತಲ್ಲ, ಇನ್ನೇನು ಬೇಕು? ಸರಿಯಾಗಿಯೇ ಹೇಳಿತು, ಮತ್ತು ನಾನು ನಂಬಲಿಲ್ಲ. ನನ್ನ ಮಟ್ಟಿಗೆ ಪಾಠವಿರುವುದು ಅಲ್ಲಿಯೇ. ಹೆಸರು ತಿಳಿಯುವುದಕ್ಕೂ ಗುರುತಿಸುವುದಕ್ಕೂ ನಡುವೆ ದೊಡ್ಡ ಹಳ್ಳವಿದೆ. ಆ್ಯಪ್ ಕೊಟ್ಟದ್ದು ಹೆಸರು. ಅತ್ತೆ ಕೊಟ್ಟದ್ದು ಹೆಸರು, ಲಿಂಗ, ಅದು ಅಲ್ಲಿಗೆ ಬಂದ ಕಾರಣ, ಮಾವಿನ ಮರದ ದನಿಗೂ ಕಣಗಿಲೆಯ ಮೌನಕ್ಕೂ ಇರುವ ಸಂಬಂಧ. ಕಣಗಿಲೆಯ ಹಣ್ಣು ದನ ಕರುಗಳಿಗೆ, ಮನುಷ್ಯರಿಗೆ ವಿಷ, ಕೋಗಿಲೆ ಅದನ್ನು ತಿಂದು ಜೀರ್ಣಿಸಿಕೊಳ್ಳುತ್ತದೆ ಎಂಬುದನ್ನು ನಾನು ಆಮೇಲೆ ಓದಿ ತಿಳಿದೆ. ಶ್ರೀಗಂಧದ ಹಣ್ಣು ತಿಂದು ಬೀಜ ಹರಡುವ ಹಕ್ಕಿಗಳಲ್ಲಿ ಕೋಗಿಲೆಯೂ ಒಂದು ಎಂಬುದನ್ನೂ. ಗಂಧದ ಕಳ್ಳತನದ ಕಥೆಗಳಿಂದಲೇ ಹೊರಗಿನವರು ಗುರುತಿಸುವ ನಮ್ಮ ಜಿಲ್ಲೆಯಲ್ಲಿ ಗಂಧವನ್ನು ಸದ್ದಿಲ್ಲದೆ ಬಿತ್ತುವವರ ಪಟ್ಟಿಯಲ್ಲಿ ಈಕೆಯೂ ಇದ್ದಾಳೆ. ಆ್ಯಪ್‌ನ ಉತ್ತರ ಈ ಎಲ್ಲ ಹುಡುಕಾಟಕ್ಕೆ ಬಾಗಿಲು ತೆಗೆಯಬಹುದು. ಆದರೆ ನಾವು ಮೊಬೈಲನ್ನು ಜೇಬಿಗಿಳಿಸುವುದೇ ಉತ್ತರ ಸಿಕ್ಕ ಕ್ಷಣದಲ್ಲಿ. ಪಾಪದ ಆ್ಯಪ್ ಏನು ಮಾಡೀತು? 'ಕೋಗಿಲೆ: ಪ್ರತೀಕ' ಎಂದು ಬರೆದು ಪುಟ ತಿರುಗಿಸುವ ವಿಮರ್ಶಕನೂ ಮಾಡುವುದು ಅದನ್ನೇ. ಇಬ್ಬರಿಗೂ ಹೆಸರು ಸಿಕ್ಕಿದ ಮೇಲೆ ಹಕ್ಕಿ ಬೇಡ.

ಎರಡನೆಯದು: ಹಳ್ಳಿಯವರಿಗೆ ಎಲ್ಲ ಗೊತ್ತು ಎಂಬ ಹಳೆಯ ರಮ್ಯ ಹಾಡನ್ನೇ ನೀನು ಹಾಡುತ್ತಿದ್ದೀಯ. ಇಲ್ಲ. ಅತ್ತೆಯ ಮಗ ಅದೇ ತೋಟದಲ್ಲಿ ಬೆಳೆದವನು, ಅವನಿಗೂ ಗೊತ್ತಿರಲಿಲ್ಲ. ಅತ್ತೆಗೂ ಎಲ್ಲವೂ ಗೊತ್ತಿಲ್ಲ. ಮಳೆಗಾಲ ಕಳೆದ ಮೇಲೆ ಕೋಗಿಲೆ ಬೇರೆ ಸೀಮೆಗೆ ಹೋಗಿಬಿಡುತ್ತದೆ ಎಂದು ಅವರು ನಂಬಿದ್ದಾರೆ. ಅದು ಹೋಗುವುದಿಲ್ಲ, ಇಲ್ಲೇ ಇರುತ್ತದೆ, ಕೂಗುವುದನ್ನು ನಿಲ್ಲಿಸುತ್ತದೆ ಅಷ್ಟೆ. ದನಿ ನಿಂತರೆ ಹಕ್ಕಿಯೇ ಇಲ್ಲವೆಂದುಕೊಳ್ಳುವ ತಪ್ಪನ್ನು ಅವರೂ ಒಂದು ಸಲ ಮಾಡಿದ್ದಾರೆ. ನಾನು ಹೇಳಿದಾಗ "ಹೌದಾ? ಮುಂದ್ಲ ಸಲ ನೋಡ್ತೀನಿ ತಡಿ" ಎಂದರು. ಈ 'ನೋಡ್ತೀನಿ ತಡಿ' ಎಂಬ ಮಾತೇ ವಿದ್ವತ್ತಿನ ಮಾತು. ನನ್ನ ವಿಭಾಗದಲ್ಲಿ ಇದನ್ನು ಕೇಳಿ ಬಹಳ ದಿನವಾಯಿತು.

ತಿಳಿವಳಿಕೆ ಎಲ್ಲಿದೆ ಎಂದು ಹುಡುಕಿ ಹೋದವರು ಇಲ್ಲದಿಲ್ಲ. ಇದೇ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪಕ್ಷಿಜ್ಞಾನದ ಮೇಲೆ ಸಮೀರಾ ಅಗ್ನಿಹೋತ್ರಿ ಮತ್ತು ಔಂಗ್ ಸಿ 2012ರಲ್ಲಿ ಸಂಶೋಧನಾ ಲೇಖನ ಪ್ರಕಟಿಸಿದರು. ಒಬ್ಬರು ಪಕ್ಷಿಶಾಸ್ತ್ರದವರು, ಇನ್ನೊಬ್ಬರು ಭಾಷಾಶಾಸ್ತ್ರದವರು. ಸೋಲಿಗರ ನುಡಿ ಕನ್ನಡಕ್ಕೆ ತೀರಾ ಹತ್ತಿರದ ನುಡಿ. ಆ ಕೆಲಸವನ್ನು ಕನ್ನಡ ವಿಭಾಗಗಳು ಎಂದೋ ಮಾಡಬಹುದಿತ್ತು. ನಾವು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆವು? 'ಪರಿಸರವಾದಿ ವಿಮರ್ಶೆ' ಎಂಬ ಶೀರ್ಷಿಕೆಯಡಿ ಅಮೆರಿಕದ ಸಿದ್ಧಾಂತಿಗಳನ್ನು ಉದ್ಧರಿಸಿ, ಹೋಟೆಲಿನ ಹವಾನಿಯಂತ್ರಿತ ಸಭಾಂಗಣದಲ್ಲಿ ಕುವೆಂಪು ಅವರ ನಿಸರ್ಗಪ್ರೇಮದ ಮೇಲೆ ಪ್ರಬಂಧ ಮಂಡಿಸುತ್ತಿದ್ದೆವು. ಈ 'ನಾವು' ಎಂಬುದರಲ್ಲಿ ನಾನೂ ಇದ್ದೇನೆ, ಭಾಗವಹಿಸಿದ ಪ್ರಮಾಣಪತ್ರಗಳು ನನ್ನ ಕಪಾಟಿನಲ್ಲಿವೆ.

ಕನ್ನಡಕ್ಕೆ ನೋಡುವ ಪರಂಪರೆಯೇ ಇಲ್ಲವೆಂದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಶಿವರಾಮ ಕಾರಂತರು 'ಹಿರಿಯ ಕಿರಿಯ ಹಕ್ಕಿಗಳು' ಬರೆದರು. ತೇಜಸ್ವಿ ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದು 'ಮಿಂಚುಳ್ಳಿ', 'ಹಕ್ಕಿಪುಕ್ಕ' ಕೊಟ್ಟರು. ಕಾದಂಬರಿಕಾರರಾಗಿಯೇ ನಾವು ಓದುವ ಇಬ್ಬರು ದೊಡ್ಡ ಲೇಖಕರು ಹಕ್ಕಿಯನ್ನು ಹಕ್ಕಿಯಾಗಿ ನೋಡುವುದೂ ಬರಹಗಾರನ ಕೆಲಸ ಎಂದು ಪುಸ್ತಕ ಬರೆದು ತೋರಿಸಿದರು. ನಾವು ಮಾಡಿದ್ದೇನು? ಅವರ ಕಾದಂಬರಿಗಳನ್ನು 'ಸಾಹಿತ್ಯ' ಎಂದು ಒಂದು ಕಪಾಟಿಗೂ, ಹಕ್ಕಿಯ ಪುಸ್ತಕಗಳನ್ನು 'ವಿಜ್ಞಾನ, ಮಕ್ಕಳ ಓದು' ಎಂದು ಇನ್ನೊಂದು ಕಪಾಟಿಗೂ ಸೇರಿಸಿದೆವು. ತೇಜಸ್ವಿಯ ಮೇಲೆ ಪಿಎಚ್.ಡಿ. ಮಾಡಿದ ಎಷ್ಟು ಮಂದಿ 'ಹಕ್ಕಿಪುಕ್ಕ'ವನ್ನು ಕೈಯಲ್ಲಿ ಹಿಡಿದು ಒಂದು ತೋಟದೊಳಗೆ ಹೋಗಿದ್ದಾರೆ?

ಹಾಗಾದರೆ ಏನು ಮಾಡಬೇಕು? ನಾನು ಕೇಳುತ್ತಿರುವುದು ಬಹಳ ಸಣ್ಣದು. ಹಳೆಯ ಕಾವ್ಯವನ್ನು ಸಂಪಾದಿಸುವವರು, ಟಿಪ್ಪಣಿ ಬರೆಯುವವರು 'ಒಂದು ಬಗೆಯ ಪಕ್ಷಿ' ಎಂಬ ಮಾತನ್ನು ಕೈಬಿಡಲಿ. ಯಾವ ಹಕ್ಕಿ ಎಂದು ಖಚಿತವಾಗಿ ಹೇಳಲಾಗುವಾಗ ಹೇಳಲಿ, ಆಗದಿದ್ದಾಗ ಇದು ತಿಳಿದಿಲ್ಲ ಎಂದು ಬರೆಯುವ ಪ್ರಾಮಾಣಿಕತೆ ತೋರಲಿ. ಹಳಗನ್ನಡ ಪಾಠ ಮಾಡುವವರು ವರ್ಷಕ್ಕೆ ಒಂದು ಬೆಳಿಗ್ಗೆ ವಿದ್ಯಾರ್ಥಿಗಳನ್ನು ಕಾಲೇಜಿನ ಹಿಂದಿನ ಮರಗಳ ಕೆಳಗೆ ಕರೆದೊಯ್ಯಲಿ, ಪಕ್ಕದ ಪ್ರಾಣಿಶಾಸ್ತ್ರ ವಿಭಾಗದ ಗೆಳೆಯರನ್ನೂ ಕರೆಯಲಿ. ಪಕ್ಷಿ ಪ್ರತಿಮೆಗಳ ಮೇಲೆ ಪ್ರಬಂಧ ಬರೆಯುವ ನನ್ನಂಥವರನ್ನು ಮೌಖಿಕ ಪರೀಕ್ಷೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿ: ಇದನ್ನು ನೀವು ನೋಡಿದ್ದೀರಾ? ಈ ಒಂದು ಪ್ರಶ್ನೆ ಇದ್ದಿದ್ದರೆ ಎಷ್ಟೋ ಪ್ರಬಂಧಗಳು ಬರೆಯಲ್ಪಡುತ್ತಿರಲಿಲ್ಲ, ಕೆಲವು ಚೆನ್ನಾಗಿ ಬರೆಯಲ್ಪಡುತ್ತಿದ್ದವು.

ಹರದನಹಳ್ಳಿ ಎಂದರೆ ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ತೋಂಟದ ಸಿದ್ಧಲಿಂಗರ ಊರು. ಇಲ್ಲಿನ ಗೋಸಲ ಚನ್ನಬಸವೇಶ್ವರರ ಶಿಷ್ಯರಾಗಿದ್ದ ಅವರು ಮುಂದೆ ಕಗ್ಗೆರೆಯ ಒಂದು ತೋಟದಲ್ಲಿ ತಪಸ್ಸಿಗೆ ಕೂತರು, ಮೈಮೇಲೆ ಹುತ್ತ ಬೆಳೆಯುವಷ್ಟು ಕಾಲ ಕೂತರೆಂದು ಐತಿಹ್ಯ. ಅದರಿಂದಲೇ 'ತೋಂಟದ' ಎಂಬ ಹೆಸರು ಬಂತು ಎನ್ನುತ್ತಾರೆ. ಪರೀಕ್ಷೆಗೆ ಓದುವಾಗ ಈ ವಿವರವನ್ನು ನಾನು ಒಂದು ಅಂಕದ ಉತ್ತರವಾಗಿ ನೆನಪಿಟ್ಟುಕೊಂಡಿದ್ದೆ. ಒಂದು ತೋಟದಲ್ಲಿ ಅಲುಗಾಡದೆ ಕೂತಿರುವುದೂ ಜ್ಞಾನದ ದಾರಿಯಾಗಬಹುದು ಎಂದು ನನಗೆ ಆಗ ಹೊಳೆದಿರಲಿಲ್ಲ. ಅವರಷ್ಟು ಕಾಲ ಕೂರುವ ಶಕ್ತಿ ನಮಗೆ ಬೇಡ. ಒಂದು ಗಂಟೆ ಸಾಕು, ಮೊಬೈಲು ಜೇಬಿನಲ್ಲಿದ್ದರೆ.

ನಾನು ಆ ವಾರ ಅಧ್ಯಾಯ ಮುಗಿಸಲಿಲ್ಲ. ದಿನಾ ಬೆಳಿಗ್ಗೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತೆ. ಮೂರನೇ ದಿನ ಕಾಗೆಗಳೆರಡೂ ಗಂಡಿನ ಬೆನ್ನು ಹತ್ತಿ ತೆಂಗಿನ ಸಾಲಿನಾಚೆ ಹೋದಾಗ, ಚುಕ್ಕೆ ಮೈಯವಳು ಕಣಗಿಲೆಯಿಂದ ತಗ್ಗಾಗಿ ಹಾರಿ ಮಾವಿನ ಎಲೆಗಳೊಳಗೆ ಹೊಕ್ಕಿದ್ದನ್ನು ನೋಡಿದೆ. ಒಳಗೆ ಏನಾಯಿತೆಂದು ಕಾಣಲಿಲ್ಲ. ನಿಮಿಷವೂ ಆಗಿರಲಿಲ್ಲ, ಹೊರಗೆ ಬಂದಳು, ಕಿಕ್ ಕಿಕ್ ಕಿಕ್ ಎಂದು ಚೀರಿ ಬೇಲಿಯಾಚೆ ಮಾಯವಾದಳು. ಅತ್ತೆ ಒಳಗಿನಿಂದಲೇ "ಇಡ್ತಾ?" ಎಂದು ಕೇಳಿದರು. "ಗೊತ್ತಿಲ್ಲ ಅತ್ತೆ, ನೋಡಬೇಕು" ಎಂದೆ.

ಅಧ್ಯಾಯವನ್ನು ಈಗ ಮೊದಲಿನಿಂದ ಬರೆಯುತ್ತಿದ್ದೇನೆ. ಕೋಗಿಲೆಯ ಮೇಲಿನ ಹಳೆಯ ಟಿಪ್ಪಣಿ ಹೊಡೆದು ಹಾಕಿ ಹೊಸದೊಂದನ್ನು ಸೇರಿಸಿದ್ದೇನೆ. ಅದು ಹೀಗಿದೆ: 'ಕೋಗಿಲೆ. ಗಂಡು ಕಪ್ಪು, ಹೆಣ್ಣು ಕಂದು, ಮೈತುಂಬ ಬಿಳಿಯ ಚುಕ್ಕೆ, ಎರಡರ ಕಣ್ಣೂ ಕೆಂಪು. ಕಾವ್ಯಗಳಲ್ಲಿ ಬರುವ ಕುಹೂ ದನಿ ಗಂಡಿನದು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ ಪರಭೃತ ಎಂದು ಹೆಸರು. ವಸಂತ ಕಳೆದ ಮೇಲೂ ಕೂಗುತ್ತದೆ. ಹೆಣ್ಣನ್ನು ಹರದನಹಳ್ಳಿಯ ಒಂದು ತೋಟದಲ್ಲಿ ನೋಡಿದ್ದೇನೆ.'